ಓತಿಲಿಯಾಳ ನಾಲಿಗೆ ಮತ್ತು ನಾನು

ನಾನು ಒಂದು ಒರಳು. ಕಲ್ಲಿನದಲ್ಲ, ಮರದ್ದು. ಎಕ್ವಡಾರ್ ದೇಶದ ಕರಾವಳಿ ಸೀಮೆಯ ಚೋನೆ ಎಂಬ ಊರಿನಲ್ಲಿ ಸೆರಾಫಿನ್ ಎಂಬ ಬಡಗಿ ಗುವಾಯಕಾನ್ ಮರದ ಬೊಡ್ಡೆಯನ್ನು ಹನ್ನೆರಡು ದಿನ ಕೊರೆದು ನನ್ನನ್ನು ಮಾಡಿದ. ಆ ಮರದ ಗಟ್ಟಿತನಕ್ಕೆ ಅವನ ಎರಡು ಉಳಿಗಳು ಮೊಂಡಾದವು. ಹದಿಮೂರನೆಯ ದಿನ ಓತಿಲಿಯಾ ಬಂದು ನನ್ನ ಹೊಟ್ಟೆಗೆ ಬೆರಳಿನಿಂದ ತಟ್ಟಿ, ಶಬ್ದ ಕೇಳಿ, ಎತ್ತಿಕೊಂಡು ಹೋದಳು.

ಓತಿಲಿಯಾಳಿಗೆ ಬಸ್ ನಿಲ್ದಾಣದ ಬಳಿ ತಿಂಡಿ ಗಾಡಿ ಇತ್ತು. ಹಸಿರು ಬಾಳೆಕಾಯಿಯನ್ನು ಹುರಿದು, ಬಿಸಿಯಿರುವಾಗಲೇ ನನ್ನೊಳಗೆ ಹಾಕಿ, ಉಪ್ಪು, ಬೆಣ್ಣೆ, ಪುಡಿ ಮಾಡಿದ ಚೀಸ್ ಸೇರಿಸಿ ಕುಟ್ಟುತ್ತಿದ್ದಳು. ಆಮೇಲೆ ಚೆಂಡಿನಂತೆ ಉಂಡೆ ಕಟ್ಟಿ ಮತ್ತೊಮ್ಮೆ ಕರಿಯುತ್ತಿದ್ದಳು. ಅದಕ್ಕೆ ಬೊಲೋನ್ ಎನ್ನುತ್ತಾರೆ. ಅವಳ ಬೊಲೋನ್‌ಗಾಗಿ ಡ್ರೈವರ್‌ಗಳು ದಾರಿ ಬದಲಿಸಿ ಬರುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಹಾಗಾಗಿ ಅವಳ ಜೊತೆ ಇಪ್ಪತ್ತೆಂಟು ವರ್ಷ ಬಾಳುವುದು ಸುಲಭವಾಗಿರಲಿಲ್ಲ. ಒನಕೆಯ ಪೆಟ್ಟು ಒಂದಿಷ್ಟು ಓರೆಯಾದರೂ ನನ್ನನ್ನೇ ಬೈಯುತ್ತಿದ್ದಳು.

ಒಂದು ಮಳೆಗಾಲದಲ್ಲಿ ಅವಳು ಜ್ವರ ಬಂದು ಒಂದು ವಾರ ಮಲಗಿದಳು. ಎದ್ದು ಬಂದವಳು ಬೇರೆಯೇ ಹೆಂಗಸಾಗಿದ್ದಳು. ಚೀಸ್ ತರುವವನಿಗೆ, "ನಿಮ್ಮ ಹಸುಗಳಿಗೆ ಏನಾಗಿದೆ? ಎಲ್ಲ ಸಪ್ಪೆ," ಎಂದಳು. ಬಾಳೆಕಾಯಿಯವನ ಜೊತೆ ಜಗಳವಾಡಿ ಅವನನ್ನು ಬಿಟ್ಟಳು. ಒಂದು ಚಿಟಿಕೆ ಉಪ್ಪು ಬೀಳುತ್ತಿದ್ದ ಕಡೆ ಒಂದು ಹಿಡಿ ಬೀಳತೊಡಗಿತು. ಹದಿನೈದು ವರ್ಷ ತಪ್ಪದೆ ಬರುತ್ತಿದ್ದ ಲಾರಿ ಡ್ರೈವರ್ ವಿಸೆಂತೆ ಒಂದು ತುತ್ತು ತಿಂದು ತಟ್ಟೆ ಸರಿಸಿದ.

"ಅಮ್ಮ, ಇವತ್ತು ಸಮುದ್ರಾನೇ ಹಾಕಿದೀರಲ್ಲ," ಎಂದ.

"ನಿನ್ನ ನಾಲಿಗೆ ಕೆಟ್ಟಿದೆ," ಎಂದಳು ಓತಿಲಿಯಾ. ಅವನು ಮತ್ತೆ ಬರಲಿಲ್ಲ.

ಬೈಯಲು ಜನ ಮುಗಿದ ಮೇಲೆ ಸರದಿ ನನ್ನದಾಯಿತು. ಹಳೆಯ ಒರಳು ಉಪ್ಪನ್ನೆಲ್ಲ ಹೀರಿ ಕೂತಿದೆ ಎಂದು ದಿನವೂ ಕುದಿನೀರು ಹೊಯ್ದು, ನಿಂಬೆಹಣ್ಣು ಹಾಕಿ ತಿಕ್ಕಿದಳು. ಮೈಯೆಲ್ಲ ಉರಿದುಹೋಯಿತು. ಮರಕ್ಕೆ ಬಾಯಿ ಬರುವ ಹಾಗಿದ್ದರೆ ಅಂದೇ ಬರಬೇಕಿತ್ತು.

ಅವಳ ತಂಗಿ ನೀವೆಸ್, ನಿವೃತ್ತ ಶಾಲಾ ಟೀಚರು, ಇದನ್ನೆಲ್ಲ ನೋಡಿ ರೋಸಿಹೋದಳು. "ಅಕ್ಕ, ನೀನು ಗಾಡಿ ಬಿಟ್ಟು ಹೊರಗೆ ಬಂದೇ ಇಲ್ಲ. ಹತ್ತು ದಿನ ಊರೂರು ತಿರುಗಿ ಬೇರೆಯವರ ಕೈಯಡುಗೆ ತಿನ್ನೋಣ ಬಾ," ಎಂದಳು. ಒರಳೂ ಬಂದರೆ ಮಾತ್ರ ಎಂದು ಓತಿಲಿಯಾ ಹಟ ಹಿಡಿದಳು. ಪರವೂರಿನ ಒರಳನ್ನು ಅವಳು ನಂಬುತ್ತಿರಲಿಲ್ಲ. ಏಳು ಕಿಲೋ ತೂಕದ ನಾನು ಬೆಟ್ಟದ ತಿರುವುಗಳಲ್ಲೆಲ್ಲ ನೀವೆಸಳ ತೊಡೆಯ ಮೇಲೆ ಕೂತೆ. ಅವಳು ನಿಟ್ಟುಸಿರು ಬಿಟ್ಟಾಗಲೆಲ್ಲ ನಾನೂ ಮೇಲೆ ಕೆಳಗೆ ಆದೆ.

ಅಂಬಾತೋ ಊರಿನ ಸಂತೆಯಲ್ಲಿ, ಆಲೂಗಡ್ಡೆಯೊಳಗೆ ಚೀಸ್ ತುಂಬಿ ಕಾವಲಿಯ ಮೇಲೆ ಕೆಂಪಗೆ ಬೇಯಿಸಿದ ಬಿಲ್ಲೆಗಳನ್ನು ತಂದಿಟ್ಟರು. ಮೇಲೆ ಕಡಲೆಕಾಯಿ ಗೊಜ್ಜು. ಓತಿಲಿಯಾ ಎರಡು ತುತ್ತು ತಿಂದು ಅಂಗಡಿಯಾಕೆಗೆ, "ಇದನ್ನ ರೋಗಿಗಳಿಗೆ ಮಾಡ್ತೀರಾ?" ಎಂದು ಕೇಳಿದಳು. ಆಕೆ ಸೌಟು ಎತ್ತಿದಳು. ಕೀಟೋದಲ್ಲಿ ಬೆಣ್ಣೆಹಣ್ಣಿನ ಹೋಳು ತೇಲುವ ಆಲೂಗಡ್ಡೆ ಸಾರನ್ನು ಬಿಸಿನೀರು ಎಂದಳು. ಅಷ್ಟಕ್ಕೇ ಬಿಡದೆ, ಇಳಿದುಕೊಂಡಿದ್ದ ಮನೆಯಾಕೆಗೆ ತಿಂಡಿ ಎಂದರೇನೆಂದು ತೋರಿಸಲು ನನ್ನಲ್ಲಿ ಬಾಳೆಕಾಯಿ ಕುಟ್ಟಿದಳು. ಮನೆಯಾಕೆ ಒಂದು ತುತ್ತು ನುಂಗಿ ಎರಡು ಲೋಟ ನೀರು ಕುಡಿದಳು. ನಾಚಿಕೆಯಿಂದ ನೀವೆಸ್ ಸಾಮಾನು ಕಟ್ಟಿದಳು.

ಕೊನೆಗೆ ಇಬಾರ್ರಾ ಊರು. ಅಲ್ಲಿ ಮಂಜುಗಡ್ಡೆ, ಹುಲ್ಲಿನ ಮೇಲೆ ದೊಡ್ಡ ಕಂಚಿನ ಬಾಣಲೆಯಿಟ್ಟು, ಕೈಯಲ್ಲೇ ತಿರುಗಿಸುತ್ತಾ ಹಣ್ಣಿನ ರಸವನ್ನು ಐಸ್‌ಕ್ರೀಂ ಮಾಡುತ್ತಾರೆ. ಓತಿಲಿಯಾ ಬಟ್ಟಲು ಖಾಲಿ ಮಾಡಿ ಕೆಳಗಿಟ್ಟಳು.

"ಹೇಳಿಬಿಡು, ಇದಕ್ಕೂ ಉಪ್ಪು ಕಮ್ಮೀನಾ?" ಎಂದಳು ನೀವೆಸ್.

"ಇದು ಯಾವ ಹಣ್ಣು?"

"ಕಣ್ಣೆದುರಿಗೇ ಇದೆಯಲ್ಲ ಅಕ್ಕ. ಮೋರಾ. ಚಿಕ್ಕಂದಿನಿಂದ ತಿಂದಿದೀಯ."

"ಬಣ್ಣ ಕಾಣತ್ತೆ. ತಣ್ಣಗಿರೋದು ಗೊತ್ತಾಗತ್ತೆ. ಅಷ್ಟೇ. ಜ್ವರ ಬಂದು ಹೋದಾಗಿಂದ ಹೀಗೆ."

ನೀವೆಸ್ ಕೇಳಿದಳು. "ಯಾಕೆ ಹೇಳಲಿಲ್ಲ?"

"ನನಗೆ ಬರ್ತಿದ್ದದ್ದು ಅದೊಂದೇ ನೀವೆಸ್. ರುಚಿ ಗೊತ್ತಾಗದವಳ ಗಾಡಿಗೆ ಯಾರು ಬರ್ತಾರೆ?"

ತಂಗಿ ಅಪ್ಪಿಕೊಂಡು ಅಳುತ್ತಾಳೆ ಎಂದುಕೊಂಡೆ. ನೀವೆಸ್ ಎದ್ದು ತನ್ನ ಕೋಟು ಝಾಡಿಸಿದಳು. "ಮೊದಲು ಆ ಅಂಬಾತೋ ಹೆಂಗಸಿಗೆ ತಪ್ಪಾಯ್ತು ಅಂತ ಹೇಳು. ಆಮೇಲೆ ಊರು," ಎಂದಳು.

ಹೇಳಿಸಿಯೇ ಬಿಟ್ಟಳು. ಅಂಗಡಿಯಾಕೆ ಎಲ್ಲ ಕೇಳಿ ನಾಲ್ಕು ಬಿಲ್ಲೆ ಬಡಿಸಿದಳು. ಓತಿಲಿಯಾ ತಟ್ಟೆಯನ್ನೇ ನೋಡುತ್ತಾ ಕೂತಾಗ ನೀವೆಸ್ ಒಂದು ಚೂರು ಬಾಯಿಗಿಟ್ಟು, ತರಗತಿಯಲ್ಲಿ ಪಾಠ ಹೇಳುವವಳಂತೆ ಶುರುಮಾಡಿದಳು. "ಅಂಚು ಸೀದಿದೆ, ಚೂರು ಕಹಿ. ಒಳಗೆ ಚೀಸ್ ಎಳೆ ಎಳೆಯಾಗಿದೆ. ಗೊಜ್ಜಲ್ಲಿ ಹುರಿದ ಕಡಲೆಕಾಯಿ ಘಮ, ಕೊನೆಗೊಂಚೂರು ಖಾರ." ಓತಿಲಿಯಾ ಕಣ್ಣು ಮುಚ್ಚಿ ಅಗಿದಳು. "ಇನ್ನೊಂದು ಸಲ ಹೇಳು," ಎಂದಳು.

ಆಮೇಲೆ ಒಂಬತ್ತು ವರ್ಷ ಗಾಡಿ ನಡೆಯಿತು. ಕುಟ್ಟುವುದು ಅಕ್ಕ, ಉಪ್ಪು ನೋಡುವುದು ತಂಗಿ. ದಿನವೂ ಜಗಳ, ಅದೂ ನನ್ನ ತಲೆಯ ಮೇಲೆಯೇ. ವಿಸೆಂತೆ ಮರಳಿ ಬಂದ. ಒಂದು ದಿನ ನನ್ನ ಅಂಚು ಸೀಳಿತು. ಸೀಳಿನಲ್ಲಿ ಬಾಳೆಕಾಯಿ ಸಿಕ್ಕಿಕೊಳ್ಳತೊಡಗಿತು. ಓತಿಲಿಯಾಳ ಕೈಯೂ ಸೋತಿತ್ತು. ಗಾಡಿ ಬೇರೆಯವರದಾಯಿತು. ಓತಿಲಿಯಾ ತಂಗಿಯ ಮನೆ ಸೇರಿದಳು, ನಾನು ಅಲ್ಲಿನ ಅಡುಗೆಮನೆಯ ಕಿಟಕಿ ಕಟ್ಟೆಗೆ ಬಂದೆ. ಈಗ ನನ್ನಲ್ಲಿ ಬೆಳ್ಳುಳ್ಳಿ ಇಡುತ್ತಾರೆ.

ನನಗೂ ನಾಲಿಗೆಯಿಲ್ಲ. ಜೀವಮಾನವಿಡೀ ನನ್ನಲ್ಲಿ ಕುಟ್ಟಿದ್ದರ ರುಚಿ ನನಗೆ ತಿಳಿದದ್ದು ತಿಂದವರ ಮಾತಿನಿಂದಲೇ. ಆ ಇಬ್ಬರೂ ಮುದುಕಿಯರು ಬೆಳಗ್ಗೆ ತಿಂಡಿಗೆ ಕೂತಾಗ ಅದಕ್ಕೇ ನಾನೂ ಕಿವಿಗೊಡುತ್ತೇನೆ. ಇವತ್ತು ಮೊಟ್ಟೆ ಬೆರೆಸಿದ ಬಾಳೆಕಾಯಿ ಮಾಡಿದ್ದರು. ನೀವೆಸಳಿಗೆ ಮಂಡಿನೋವು, ಮಾತಾಡುವ ಮನಸ್ಸಿರಲಿಲ್ಲ.

"ಹೇಗಿದೆ?" ಎಂದಳು ಓತಿಲಿಯಾ.

"ನಿನ್ನೆ ಹಾಗೇ ಇದೆ."

"ನಿನ್ನೆ ಹೇಗಿತ್ತು?"

ನೀವೆಸ್ ಚಮಚ ಕೆಳಗಿಟ್ಟು, ಉಸ್ಸೆಂದು ಉಸಿರು ಬಿಟ್ಟು, ಮೊದಲಿನಿಂದ ಹೇಳತೊಡಗಿದಳು.