ಮಳಖೇಡದ ಕೆಂಪು ಸಿಗ್ನಲ್

ನನ್ನ ರೈಲು ನನ್ನ ಚೀಲದಲ್ಲಿರುತ್ತದೆ. ವಾಡಿಯಿಂದ ಸೇಡಂವರೆಗಿನ ಹಳಿ, ಚಿತ್ತಾಪುರದ ಪ್ಲಾಟ್‌ಫಾರ್ಮು, ನಮ್ಮೂರು ರಾವೂರಿನ ಕಲ್ಲುಗಣಿಗಳ ಬಿಳಿ ಧೂಳು, ಎಲ್ಲವೂ ಅಂಗೈಯಗಲದ ಒಂದು ಹಾರ್ಡ್ ಡಿಸ್ಕಿನಲ್ಲಿವೆ. ಅವ್ವ ಖಣದ ಬಟ್ಟೆಯಲ್ಲಿ ಹೊಲಿದುಕೊಟ್ಟ ಸಂಚಿಯೊಳಗೆ ಅದನ್ನು ಇಟ್ಟುಕೊಂಡು ತಿರುಗುತ್ತೇನೆ.

ರೈಲು ಓಡಿಸುವ ಕಂಪ್ಯೂಟರ್ ಆಟ ಯಾರೋ ಮಾಡಿದ್ದು. ಅದರೊಳಗೆ ನಮ್ಮ ಕಡೆಯ ಹಳಿ ಹಾಕಿದವಳು ಮಾತ್ರ ನಾನು, ಶಿವಗಂಗಾ. ಎರಡು ವರ್ಷ ಹಿಡಿಯಿತು. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಅಷ್ಟು ಜಾಗವಿರಲಿಲ್ಲ. ಹಾಗಾಗಿ ಇಡೀ ಆಟವನ್ನೇ ಡಿಸ್ಕಿಗೆ ಹಾಕಿಕೊಂಡೆ. ಯಾರ ಕಂಪ್ಯೂಟರಿಗೆ ಚುಚ್ಚಿದರೂ ಅಲ್ಲಿಂದಲೇ ಓಡುತ್ತದೆ. ವಾಡಿಯ ಝೆರಾಕ್ಸ್ ಅಂಗಡಿಯಲ್ಲಿ ಓಡಿದೆ, ಚಿಂಚೋಳಿಯ ಅಕ್ಕನ ಮನೆಯಲ್ಲೂ ಓಡಿದೆ. ಒಂದೇ ಕೊರತೆ, ಡಿಸ್ಕು ನಿಧಾನ. ಗಾಡಿ ಜೋರು ಹೊಡೆದರೆ ಗಿಡಮರಗಳು ತಡವಾಗಿ ಮೂಡುತ್ತವೆ. ಒಮ್ಮೆ ಗಾಡಿ ದಾಟಿಹೋದ ಮೇಲೆ ಚಿತ್ತಾಪುರ ಸ್ಟೇಷನ್ ಬಂದಿತ್ತು!

ಶಹಾಬಾದಿನ ಅಂಬರೇಶ ಸರ್ ರೈಲ್ವೆ ಡ್ರೈವರ್ ಪರೀಕ್ಷೆಗೆ ತರಬೇತಿ ಕೊಡುತ್ತಾರೆ. ನನ್ನ ಆಟ ನೋಡಿದವರೇ, ಇದರ ಮೇಲೆ ಹುಡುಗರಿಗೆ ಕಲಿಸು, ಕೆಲಸ ಕೊಡುತ್ತೇನೆ ಎಂದರು. ಷರತ್ತು ಒಂದೇ. ಈ ದಾರಿಯಲ್ಲಿ ಮೂವತ್ತು ವರ್ಷ ಗಾಡಿ ಓಡಿಸಿ ನಿವೃತ್ತರಾದ ಅಮೀರ್ ಅಲಿ ಚಾಚಾ ವಾಡಿಯಿಂದ ಸೇಡಂವರೆಗೆ ಇದನ್ನು ಓಡಿಸಬೇಕು, ಸರಿ ಇದೆ ಎಂದು ಬರೆದುಕೊಡಬೇಕು. ಅವರು ನಡುವೆ ಎದ್ದುಹೋದರೆ ಕೆಲಸವಿಲ್ಲ. ನನಗೆ ಆ ಕೆಲಸ ಬೇಕೇ ಬೇಕಿತ್ತು. ಈ ಸುತ್ತಮುತ್ತ ಅದಕ್ಕೆ ನನಗಿಂತ ತಕ್ಕವರು ಯಾರೂ ಇಲ್ಲ ಎಂಬುದೂ ನನಗೆ ಗೊತ್ತಿತ್ತು.

ಚಾಚಾ ಇಸ್ತ್ರಿ ಅಂಗಿ ಹಾಕಿಕೊಂಡು, ಡ್ಯೂಟಿಗೆ ಹೊರಟವರಂತೆ ಸರ್ ಅವರ ತರಬೇತಿ ಕೋಣೆಗೆ ಬಂದರು. ನಾನು ಡಿಸ್ಕು ಚುಚ್ಚಿದ ಕಂಪ್ಯೂಟರಿನ ಮುಂದೆ ಕೂತು ಕನ್ನಡಕ ಒರೆಸಿಕೊಂಡರು.

"ಬಾಜೂ ಕುಂದ್ರು ಬೇಟಿ. ನೀ ನನ್ನ ಅಸಿಸ್ಟಂಟ್. ಸಿಗ್ನಲ್ ಕಂಡ ಕೂಡ್ಲೇ ಕೈ ಎತ್ತಿ ಕೂಗಬೇಕು, ನಾನೂ ಕೂಗ್ತೀನಿ. ಇಬ್ಬರ ಮಾತು ಕೂಡಿದ್ರಷ್ಟೇ ಗಾಡಿ ಮುಂದ ಹೋಗ್ತದ."

"ಚಾಚಾ, ಇದು ಆಟ ಅದರಿ."

"ಹೌದಲ್ಲ, ಆಡಾಮು. ಕೂಗು."

ಕೂಗಿದೆ. "ಹಸಿರು!" "ಹಸಿರು." ಗಾಡಿ ಹೊರಟಿತು. ರಾವೂರಿನ ಹತ್ತಿರ ಚಾಚಾ ಹುಬ್ಬು ಗಂಟಿಕ್ಕಿದರು. "ಇಲ್ಲೊಂದು ದೊಡ್ಡ ಬೇವಿನ ಗಿಡ ಇತ್ತಲ್ಲ?"

"ಹೋದ ವರ್ಷ ಕಡದಾರ್ರಿ. ಅದಕ್ಕೇ ನಾನೂ ತೆಗದೀನಿ."

ಅವರು ತಲೆಯಾಡಿಸಿ ಗಾಡಿ ಮುಂದಕ್ಕೆ ಬಿಟ್ಟರು. ನಾನು ಅಂಬರೇಶ ಸರ್ ಕಡೆ ನೋಡಿ ಹುಬ್ಬು ಹಾರಿಸಿದೆ. ಚಿತ್ತಾಪುರ ಸಲೀಸಾಗಿ ದಾಟಿದೆವು. ಇನ್ನು ಅರ್ಧ ದಾರಿ, ಕೆಲಸ ನನ್ನದೇ.

ಮಳಖೇಡ ಸ್ಟೇಷನ್ನಿನೊಳಗೆ ಬಿಡುವ ಸಿಗ್ನಲ್ ಕಂಡಿತು. ಅದು ಕೆಂಪಾಗಿತ್ತು.

"ಕೆಂಪು!" ಎಂದೆ. "ಕೆಂಪು" ಎಂದ ಚಾಚಾ ಬ್ರೇಕ್ ಹಾಕಿ ನಿಲ್ಲಿಸಿದರು. ಉದ್ದಕ್ಕೆ ಒಂದು ಸೀಟಿ ಹೊಡೆದು ಕೈಕಟ್ಟಿ ಕೂತರು.

ಐದು ನಿಮಿಷವಾಯಿತು. ಹತ್ತಾಯಿತು. ನೂರು ಸಲ ಓಡಿಸಿದ್ದೇನೆ, ಅದು ಯಾವತ್ತೂ ಹಸಿರೇ ಇರುತ್ತಿತ್ತು.

"ಡಿಸ್ಕ್ ನಿಧಾನ ಅದರಿ ಚಾಚಾ, ಹಸಿರು ಬರೋದು ತಡ ಆಗ್ಲಿಕತ್ತಾದ. ನೀವು ಹೋಗ್ರಿ, ಏನೂ ಆಗಂಗಿಲ್ಲ."

"ಕೆಂಪು ಅಂತ ಕೂಗಿದಾಕಿ ಯಾರು?"

"ನಾನೇ."

"ಮತ್ತ?"

ಅಂಬರೇಶ ಸರ್ ಗಡಿಯಾರ ನೋಡಿದರು. "ಚಾಚಾ, ಹುಡುಗರು ಬರೋ ಹೊತ್ತಾತು. ದಾಟಿಸಿಬಿಡ್ರಿ."

"ಸ್ಟೇಷನ್ ಮಾಸ್ತರರು ಚೀಟಿ ಬರದು ಕೊಟ್ರ ದಾಟ್ತೀನಿ. ಬಾಯಿಮಾತಿಗೆ ಕೆಂಪು ದಾಟಂಗಿಲ್ಲ."

ಸರ್ ಹಾಳೆ ಹರಿದು ತಾವೇ ಚೀಟಿ ಬರೆದರು. ಚಾಚಾ ಅದನ್ನು ಓದಿ, ಮಡಚಿ, ವಾಪಸು ಕೊಟ್ಟರು. "ನೀವು ಹುಡುಗರಿಗೆ ಮಾಸ್ತರ ಇರಬಹುದು. ಈ ಸ್ಟೇಷನ್ನಿಗಲ್ಲ."

ಚಹಾ ಬಂತು. ಚಾಚಾ ಒಂದು ಕೈ ಬ್ರೇಕಿನ ಗುಂಡಿಯ ಮೇಲಿಟ್ಟುಕೊಂಡೇ ಕುಡಿದರು. ನನಗೆ ಮೈ ಉರಿಯಿತು. ಎರಡು ವರ್ಷದ ದುಡಿಮೆ ಈ ಮುದುಕನ ಹಠಕ್ಕೆ ನೀರುಪಾಲಾಗುತ್ತಿದೆ ಅನ್ನಿಸಿತು. ಡಿಸ್ಕಿನ ಮೇಲೂ ಸಿಟ್ಟು ಬಂತು. ಕೈಕೊಡುವುದಕ್ಕೆ ಇವತ್ತೇ ಬೇಕಿತ್ತೇ ಇದಕ್ಕೆ?

"ಚಾಚಾ, ಖರೇ ಹೇಳ್ತೀನಿ, ಇದು ಡಿಸ್ಕಿನ ತಪ್ಪು!"

ಅವರು ಕಪ್ಪು ಕೆಳಗಿಟ್ಟರು. "ಈ ಸಿಗ್ನಲ್ ಹಾಕಿದಾಕಿ ಯಾರು?"

"ನಾನು."

"ಯಾವಾಗ ಕೆಂಪಾಗ್ತದದು?"

"ಮುಂದಿನ ಹಳಿ ಮ್ಯಾಲ ಏನರ ಇದ್ರ."

"ಅಂದ್ರ ಮುಂದ ಏನೋ ಅದ. ನೀ ಹಾಕಿದ ಸಿಗ್ನಲ್ ಮ್ಯಾಲ ನನಗ ಭರೋಸಾ ಅದ ಬೇಟಿ. ನಿನಗ ಯಾಕಿಲ್ಲ?"

ಆಟದ ನಕಾಶೆ ತೆರೆದೆ. ಮಳಖೇಡದಲ್ಲಿ ಪಕ್ಕದ ಹಳಿಯಲ್ಲಿ ನಾನೊಂದು ಸಿಮೆಂಟಿನ ಗೂಡ್ಸ್ ಗಾಡಿ ನಿಲ್ಲಿಸಿದ್ದೆ. ಮೊನ್ನೆ ಅಲ್ಲಿನ ಸಿಮೆಂಟ್ ಕಾರ್ಖಾನೆಯ ಆದಿತ್ಯನಗರಕ್ಕೆ ಹೋದಾಗ ನಿಜವಾದ ಗೂಡ್ಸ್ ನೋಡಿ, ನನ್ನದೂ ಅಷ್ಟೇ ಉದ್ದವಿರಲಿ ಎಂದು ವ್ಯಾಗನ್ ಸೇರಿಸಿದ್ದೆ. ಆಮೇಲೆ ಒಮ್ಮೆಯೂ ಓಡಿಸಿ ನೋಡಿರಲಿಲ್ಲ, ನಾನು ಮಾಡಿದ್ದು ತಪ್ಪುವುದುಂಟೇ ಎಂಬ ಧಿಮಾಕು. ಈಗ ಕೊನೆಯ ಎರಡು ವ್ಯಾಗನ್ ಆ ಹಳಿಯಲ್ಲಿ ಹಿಡಿಸದೆ ನಮ್ಮ ಹಳಿಯ ಮೇಲೇ ನಿಂತಿದ್ದವು. ಚಾಚಾ ನನ್ನ ಮಾತು ಕೇಳಿ ಮುಂದೆ ಹೋಗಿದ್ದರೆ ನೇರ ಅವಕ್ಕೆ ಗುದ್ದುತ್ತಿದ್ದರು.

ಯಾರಿಗೂ ಕಾಣದಂತೆ ಸರಿಮಾಡಬಹುದಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಜಾತಿಗೆ ಸೇರಲು ನನಗೆ ಮನಸ್ಸು ಬರಲಿಲ್ಲ.

"ತಪ್ಪು ನಂದರಿ ಚಾಚಾ. ಹಳಿ ಮ್ಯಾಲ ನನ್ನ ವ್ಯಾಗನ್ ನಿಂತಾವ. ಡಿಸ್ಕ್ ಸರಿ ಅದ."

"ತಪ್ಪು ಸಿಕ್ತು ಅಂದ್ರ..." ಎಂದು ಸರ್ ಎದ್ದರು.

"ಕುಂದ್ರಿ ಸರ್. ಡ್ರೈವರ ಇಳಿದ ಮ್ಯಾಲ ಮಾತಾಡ್ತಾನ" ಎಂದ ಚಾಚಾ ನನ್ನ ಕಡೆ ತಿರುಗಿದರು. "ದಾರಿ ಬಿಡಿಸು."

ಎರಡು ವ್ಯಾಗನ್ ಅಳಿಸಿದೆ. ಕೆಂಪು ಹೋಯಿತು. ಕೈ ಎತ್ತಿ, ಪಕ್ಕದ ಅಂಗಡಿಗೂ ಕೇಳುವಂತೆ "ಹಸಿರು!" ಎಂದು ಕೂಗಿದೆ.

"ಹಸಿರು."

ಸೇಡಂನಲ್ಲಿ ಗಾಡಿ ನಿಲ್ಲಿಸಿದ ಮೇಲೆ ಚಾಚಾ ಹಾಳೆ ಕೇಳಿ ಪಡೆದು, ನಿಧಾನವಾಗಿ ಬರೆದು, ಸಹಿ ಹಾಕಿದರು. ಸರ್ ಅದನ್ನು ಜೋರಾಗಿ ಓದಿದರು. "ಮಳಖೇಡದಲ್ಲಿ ನಲವತ್ತು ನಿಮಿಷ ನಿಂತೆವು. ಹಳಿಯ ಮೇಲೆ ವ್ಯಾಗನ್ ಇತ್ತು. ಸಿಗ್ನಲ್ ಸರಿ ಇತ್ತು. ಈ ಹಾದಿಯ ಮೇಲೆ ಹುಡುಗರು ಕಲಿಯಬಹುದು."

ಕಣ್ಣು ತುಂಬಿ ಬಂದವು. ತೋರಿಸಿಕೊಳ್ಳಲಿಲ್ಲ, ಬಗ್ಗಿ ಡಿಸ್ಕಿನ ವೈರು ಬಿಚ್ಚಿದೆ. ಅದು ಇನ್ನೂ ಬೆಚ್ಚಗಿತ್ತು.

"ನಾಳೆ ಒಂಬತ್ತಕ್ಕ ಬಾ" ಎಂದರು ಸರ್. "ಡಿಸ್ಕ್ ಇಲ್ಲೇ ಕಪಾಟಿನಾಗ ಇಟ್ಟು ಹೋಗು."

"ಇಲ್ಲರಿ" ಎಂದು ಸಂಚಿಯ ಬಾಯಿ ಬಿಗಿದೆ. "ಇವತ್ತು ಸುಮ್ಮಸುಮ್ಮನ ಬೈಸಿಕೊಂಡಾದ. ನನ್ನ ಕೂಡೇ ಇರ್ಲಿ. ನಾಳೆ ಇಬ್ಬರೂ ಬರ್ತೀವಿ."