ಬೀಗರ ಪದಕ್ಕೆ ಉತ್ತರ

ಸೊಸೆಯ ಮೇಲೆ ರಾಜೇಶ್ವರಮ್ಮನವರಿಗೆ ಇದ್ದ ದೂರು ಒಂದೇ ಒಂದು. "ನಮ್ಮ ಸೌಂದರ್ಯ ಕೈಯಾಗಿಂದ ಫೋನ್ ಬಿಡಂಗಿಲ್ಲ" ಎಂದು ಅವರು ಹಾಲು ತರುವವಳಿಗೂ ಹೇಳಿದ್ದರು, ಮಠದಲ್ಲಿ ಸಿಕ್ಕವರಿಗೂ ಹೇಳಿದ್ದರು. ಉಳಿದಂತೆ ಹುಡುಗಿಯಲ್ಲಿ ಎತ್ತಿ ಆಡುವಂಥದ್ದು ಏನೂ ಇರಲಿಲ್ಲ. ಸೊರಬ ಸೀಮೆಯ ಕುಪ್ಪಗಡ್ಡೆಯಿಂದ ಶಿಕಾರಿಪುರಕ್ಕೆ ಬಂದು ರೊಟ್ಟಿ ತಟ್ಟುವುದನ್ನು ಕಲಿತಿದ್ದಳು, ಮಾತಿಗೆ ಮಾತು ಬೆಳೆಸುತ್ತಿರಲಿಲ್ಲ. ಆದರೆ ಅತ್ತೆ ಕೆಲಸ ಮಾಡುತ್ತಾ ಹಾಡಿಕೊಳ್ಳುತ್ತಿದ್ದರೆ ಇವಳು ಅಡುಗೆಮನೆಯ ಕಟ್ಟೆಯ ಮೇಲೆ ಫೋನಿಟ್ಟುಕೊಂಡು ಅದರ ಮುಖವನ್ನೇ ನೋಡುತ್ತಿರುತ್ತಿದ್ದಳು. ದೊಡ್ಡವರ ಹಾಡಿಗೆ ಕಿವಿಗೊಡುವ ತಾಳ್ಮೆ ಈಗಿನವರಿಗೆಲ್ಲಿಂದ ಬರಬೇಕು ಎಂದು ಮುಖ ಸಿಂಡರಿಸಿಕೊಂಡು ರಾಜೇಶ್ವರಮ್ಮ ಮುಂದಿನ ಪದ ಎತ್ತುತ್ತಿದ್ದರು.

ಹಾಡೆಂದರೆ ಅವರದು ಅಂತಿಂಥ ಹಾಡಲ್ಲ. ಶಿಕಾರಿಪುರದ ಸುತ್ತಮುತ್ತ ಯಾರ ಮನೆಯ ಮದುವೆಯಾದರೂ ಬೀಗರ ಪದಕ್ಕೆ ಅವರೇ ಆಗಬೇಕಿತ್ತು. ಗಂಡಿನ ಕಡೆಯ ಹೆಂಗಸರು, ಹೆಣ್ಣಿನ ಕಡೆಯ ಹೆಂಗಸರು ಎದುರುಬದುರು ಕೂತು ಹಾಡಿನಲ್ಲೇ ಒಬ್ಬರನ್ನೊಬ್ಬರು ಕಿಚಾಯಿಸುವ ಪದಗಳವು. ಆ ಕಡೆಯವರು ಕೆಣಕಿದರೆ ಈ ಕಡೆಯವರು ಉತ್ತರ ಕೊಡಲೇಬೇಕು. ಕೊಡದೆ ಎದ್ದು ಹೋದವರನ್ನು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ರಾಜೇಶ್ವರಮ್ಮ ಹಾಗೆ ಎದ್ದವರೇ ಅಲ್ಲ. ಮಗ ಮಲ್ಲಿಕಾರ್ಜುನನ ಮದುವೆಯಲ್ಲಿ ಸೊಸೆಯ ತಾಯಿ ನೀಲಾಂಬಿಕ ಸರಿಸಮಕ್ಕೆ ಹಾಡಿದ್ದರೂ ಕೊನೆಯ ಮಾತು ಇವರದೇ ಆಗಿತ್ತು. ಸೀಮಂತದಲ್ಲಿ ನೋಡಿಕೊಳ್ಳುತ್ತೇನೆ ಎಂದು ನೀಲಾಂಬಿಕ ನಗುನಗುತ್ತಲೇ ಸವಾಲು ಹಾಕಿದ್ದರು.

ಆ ಸೀಮಂತ ಈಗ ಬಂದಿತ್ತು. ಆದರೆ ರಾಜೇಶ್ವರಮ್ಮನವರ ದನಿ ಹೋಗಿತ್ತು. ಕೊರಳಿನ ಗಡ್ಡೆಗೆ ಆಪರೇಷನ್ ಆದಮೇಲೆ ಗಂಟಲಿನಿಂದ ಹೊರಡುತ್ತಿದ್ದುದು ಬರೀ ಗಾಳಿ. ಮಾತಾಡಿದರೆ ಪಕ್ಕದಲ್ಲಿ ಕೂತವರಿಗಷ್ಟೇ ಕೇಳಿಸುತ್ತಿತ್ತು. ಬಿಗುಮಾನದ ಹೆಂಗಸು, ಬೀಗರಿಗೆ ಇದನ್ನು ಹೇಳಿರಲಿಲ್ಲ. ಹೆರಿಗೆಗೆಂದು ತವರಿಗೆ ಹೋಗಿದ್ದ ಸೊಸೆಗೂ ಬಾಯಿ ಬಿಡಬೇಡ ಎಂದು ತಾಕೀತು ಮಾಡಿದ್ದರು. ಕೇಳಿದವರಿಗೆಲ್ಲ ಶೀತವಾಗಿದೆ ಎಂಬ ಉತ್ತರ ಸಿದ್ಧವಿತ್ತು.

ಹಸಿರು ಸೀರೆ, ಬಳೆ, ಉಡಿಯ ಸಾಮಾನು ಹೊತ್ತು ಮಿನಿಬಸ್ಸಿನಲ್ಲಿ ಕುಪ್ಪಗಡ್ಡೆಗೆ ಹೊರಟಾಗ ಅವರು ಮಗಳು ದೀಪಶ್ರೀಯನ್ನೂ ಓಣಿಯ ಹೆಂಗಸರನ್ನೂ ಒಬ್ಬೊಬ್ಬರನ್ನಾಗಿ ಕೇಳಿ ನೋಡಿದರು. ಯಾರಿಗೂ ಪದ ಬರುತ್ತಿರಲಿಲ್ಲ. ಎಲ್ಲರಿಗೂ ಧಾಟಿ ಗೊತ್ತು, ಸಾಲಿನ ಕೊನೆಗೆ 'ಸೋ ಎನ್ನಿರೇ' ಎನ್ನುವುದು ಗೊತ್ತು. ಮುಂದಿನ ಸಾಲನ್ನು ರಾಜೇಶ್ವರಮ್ಮ ಇಷ್ಟು ವರ್ಷ ಯಾರ ಬಾಯಿಗೂ ಬಿಟ್ಟುಕೊಟ್ಟಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ತಮ್ಮನ್ನೇ ಬೈದುಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದರು.

ಕುಪ್ಪಗಡ್ಡೆಯ ಮನೆಯಲ್ಲಿ ಸೌಂದರ್ಯಳನ್ನು ಮಣೆಯ ಮೇಲೆ ಕೂರಿಸಿ ಬಳೆ ತೊಡಿಸಿದರು, ಆರತಿ ಎತ್ತಿದರು. ಆರತಿ ತಟ್ಟೆ ಕೆಳಗಿಟ್ಟಿದ್ದೇ ತಡ, ನೀಲಾಂಬಿಕ ಸೆರಗು ಸಿಕ್ಕಿಸಿಕೊಂಡು ಶುರು ಮಾಡಿಯೇಬಿಟ್ಟರು.

"ಬೀಗರು ಬಂದಾರೆ, ಬಸ್ಸು ತುಂಬಾ ಬಂದಾರೆ,
ಬರುವಾಗ ಬಾಯಿ ಮನೆಯಲ್ಲೇ ಬಿಟ್ಟಾರೆ, ಸೋ ಎನ್ನಿರೇ."

ಪಡಸಾಲೆ ನಗೆಯಿಂದ ತುಂಬಿತು. ಪಾಪ, ಆಕೆ ಬೇಕೆಂದು ಚುಚ್ಚಿದ್ದಲ್ಲ, ಪದದ ಓಘಕ್ಕೆ ಬಂದದ್ದನ್ನು ಹಾಡಿದ್ದರು. ಆದರೂ ಆ ಸಾಲು ನೇರ ರಾಜೇಶ್ವರಮ್ಮನವರ ಕೊರಳಿಗೇ ಬಂದು ತಾಗಿತು. ಶಿಕಾರಿಪುರದ ಹೆಂಗಸರೆಲ್ಲ ಅವರ ಮುಖ ನೋಡಿದರು. ಅವರು ಬಾಯಿ ತೆರೆದರು, ದನಿ ಹೊರಡಲಿಲ್ಲ. ನಗು ಮೆಲ್ಲಗೆ ಇಳಿದು ಎಲ್ಲರೂ ಕಾಯುತ್ತಾ ಕೂತದ್ದು ಇನ್ನೂ ಕಷ್ಟವಾಯಿತು. ಕೊನೆಗೆ ನೀಲಾಂಬಿಕ ಅವರೇ, ಶೀತ ಅಂದರಲ್ಲ, ಬಿಸಿ ಊಟ ಮಾಡಿ ಗಂಟಲು ಸರಿಮಾಡಿಕೊಂಡು ಉತ್ತರ ಕೊಡಲಿ ಎಂದು ವಾಯಿದೆ ಕೊಟ್ಟು ಎಲೆ ಹಾಕಿಸಲು ಎದ್ದರು.

ರಾಜೇಶ್ವರಮ್ಮ ಅಲ್ಲೇ ಕೂತಿದ್ದರು. ಕಣ್ಣಲ್ಲಿ ನೀರು ಬಂದದ್ದು ಅವಮಾನಕ್ಕೋ ಸಿಟ್ಟಿಗೋ ಅವರಿಗೇ ತಿಳಿಯಲಿಲ್ಲ. ಮಣೆಯ ಮೇಲಿದ್ದ ಸೊಸೆ ಅವರ ಕೈ ಹಿಡಿದಳು.

"ಅತ್ತೆ, ನಿಮ್ಮ ಪದ ಎಲ್ಲಾ ನನ್ ಹತ್ರ ಇದಾವೆ."

ಅವರಿಗೆ ಅರ್ಥವಾಗಲಿಲ್ಲ. ಸೌಂದರ್ಯ ತಗ್ಗಿದ ದನಿಯಲ್ಲಿ ಬಿಡಿಸಿ ಹೇಳಿದಳು. ಆಪರೇಷನ್ನಿಗೆ ಮುಂಚೆ ಡಾಕ್ಟರು ದನಿ ಬದಲಾಗಲೂಬಹುದು ಅಂದಿದ್ದರು. ಅತ್ತೆ ಅದನ್ನು ನಕ್ಕು ತಳ್ಳಿಹಾಕಿದ್ದರು. ಇವಳಿಗೆ ಮಾತ್ರ ಹೆದರಿಕೆಯಾಗಿ ಅಂದಿನಿಂದಲೇ ಅಡುಗೆಮನೆಯಲ್ಲಿ ಫೋನಿಟ್ಟು ಹಾಡು ರೆಕಾರ್ಡ್ ಮಾಡತೊಡಗಿದ್ದಳು. ಹೇಳಿದ್ದರೆ ಅತ್ತೆ ನಾಚಿ ಹಾಡುವುದನ್ನೇ ಬಿಡುತ್ತಿದ್ದರು, ಅದಕ್ಕೇ ಹೇಳಿರಲಿಲ್ಲ. ಫೋನ್ ತುಂಬಿದಾಗಲೆಲ್ಲ ಲ್ಯಾಪ್‌ಟಾಪಿಗೆ ಹಾಕಿಟ್ಟಿದ್ದಳು. ಆ ಲ್ಯಾಪ್‌ಟಾಪ್ ಈಗ ಒಳಕೋಣೆಯ ಮಂಚದ ಮೇಲಿತ್ತು.

ಪಕ್ಕದಲ್ಲೇ ಇದ್ದ ದೀಪಶ್ರೀಗೆ ಜೀವ ಬಂದಂತಾಯಿತು, ಮರುಗಳಿಗೆಯಲ್ಲೇ ಹೋಯಿತು. ಒಂದೇ ಲ್ಯಾಪ್‌ಟಾಪಿನ ಸುತ್ತ ಅಷ್ಟು ಹೆಂಗಸರು ಮುತ್ತಿಕೊಂಡರೆ ಬೀಗರಿಗೆ ಗುಟ್ಟು ರಟ್ಟಾಗುತ್ತದೆ. ಎಲ್ಲರ ಫೋನಿಗೂ ಕಳಿಸೋಣವೆಂದರೆ ಆ ಮನೆಯೊಳಗೆ ಸಿಗ್ನಲ್ ಒಂದು ಗೆರೆಯೂ ಇಲ್ಲ. ರಸ್ತೆ ಅಗಲ ಮಾಡುವ ಜೆಸಿಬಿ ಇಂಟರ್‌ನೆಟ್ಟಿನ ಕೇಬಲ್ಲನ್ನೂ ಕಿತ್ತು ಹಾಕಿತ್ತು.

"ನೆಟ್ ಇಲ್ಲ, ವಾಟ್ಸಾಪ್ ಹೋಗಂಗಿಲ್ಲ ಅತ್ತಿಗೆ" ಎಂದಳು.

"ನೆಟ್ ಹೋಗಿದೆ, ವೈಫೈ ಹೋಗಿಲ್ಲ" ಎಂದು ಸೌಂದರ್ಯ ಗೋಡೆಯ ಮೇಲೆ ಮಿನುಗುತ್ತಿದ್ದ ಡಬ್ಬಿಯನ್ನು ತೋರಿಸಿದಳು. "ಪಕ್ಕದ ಮನೆಗೆ ಸಾರು ಕೊಡೋಕೆ ಬಸ್ ಸ್ಟ್ಯಾಂಡಿಗೆ ಹೋಗಿ ಬರ್ತೀವಾ? ಗೋಡೆ ಮೇಲಿಂದ್ಲೇ ಬಟ್ಲು ದಾಟಿಸ್ತೀವಲ್ಲ, ಇದೂ ಹಂಗೆ. ಎಲ್ಲರೂ ನಮ್ಮನೆ ವೈಫೈಗೆ ಸೇರ್ಕೊಳ್ಳಿ, ಸಾಕು."

ಶಿಕಾರಿಪುರದವರೆಲ್ಲ ಒಳಕೋಣೆಗೆ ಸೇರಿ ಬಾಗಿಲು ಮುಂದೆ ಮಾಡಿಕೊಂಡರು. ಸೌಂದರ್ಯ ಲ್ಯಾಪ್‌ಟಾಪ್ ತೆರೆದಳು. ಫೈಲ್ ದಾಟಿಸುವ ಪುಟ್ಟ ಆ್ಯಪ್ ದೀಪಶ್ರೀಯ ಫೋನಿನಲ್ಲಿ ಮೊದಲೇ ಇತ್ತು, ಅದನ್ನು ಅವಳು ಅಲ್ಲಿಂದಲೇ ಉಳಿದವರ ಫೋನುಗಳಿಗೆ ಹಂಚಿದಳು. ಒಂದೊಂದು ಫೋನು ವೈಫೈಗೆ ಸೇರಿದಂತೆ ಪರದೆಯ ಮೇಲೆ ಒಂದೊಂದು ಹೆಸರು ಮೂಡಿತು. ನಡುವೆ 'ರಾಜಕುಮಾರ್' ಎಂಬ ಹೆಸರು ಕಂಡು, ಹೆಂಗಸರ ನಡುವೆ ಇವನ್ಯಾರೆಂದು ಎಲ್ಲರೂ ಗಾಬರಿಯಾದರು. ಅದು ಓಣಿಯ ದ್ಯಾಮಮ್ಮನ ಫೋನು, ಮಗ ಬಳಸಿ ಬಿಟ್ಟದ್ದು. ಸೌಂದರ್ಯ ಹೆಸರುಗಳ ಮೇಲೆ ಒತ್ತುತ್ತಾ ಹೋದಳು. ಕಣ್ಣು ಮಿಟುಕಿಸುವುದರೊಳಗೆ ಹಾಡು ಎಲ್ಲರ ಕೈಗೆ ಬಂದಿತ್ತು.

ಊಟದ ಹೊತ್ತಿನಲ್ಲಿ ಶಿಕಾರಿಪುರದ ಹೆಂಗಸರು ಒಬ್ಬೊಬ್ಬರೇ ಮಾಯವಾದರು. ಕೆಲವರು ಹಿತ್ತಲಲ್ಲಿ, ಕೆಲವರು ಮಿನಿಬಸ್ಸಿನಲ್ಲಿ, ದ್ಯಾಮಮ್ಮ ಬಚ್ಚಲುಮನೆಯ ಹಿಂದೆ, ಎಲ್ಲರ ಕಿವಿಗೂ ಫೋನು. ದೀಪಶ್ರೀ ತನ್ನ ಫೋನನ್ನು ತಾಯಿಯ ಕಿವಿಗೆ ಹಿಡಿದಳು. ರಾಜೇಶ್ವರಮ್ಮನವರಿಗೆ ತಮ್ಮದೇ ತುಂಬುದನಿ ಕೇಳಿಸಿತು. ಜೊತೆಗೆ ಕುಕ್ಕರಿನ ಕೂಗು, ರೊಟ್ಟಿ ಬಡಿಯುವ ಸದ್ದು. ಎರಡು ಸಾಲಿನ ನಡುವೆ ಹಾಡು ನಿಂತು ಅದೇ ದನಿ ಗದರಿತು: "ಆ ಸುಡುಗಾಡು ಫೋನ್ ಅತ್ಲಾಗಿಡು ಮಾರಾಯ್ತಿ." ಆಮೇಲೆ ಹಾಡು ಮುಂದುವರಿಯಿತು. ಹೋಯಿತೆಂದು ಅಂದುಕೊಂಡಿದ್ದ ದನಿಯನ್ನು ಈ ಹುಡುಗಿ ಬೈಗುಳ ತಿಂದುಕೊಂಡೇ ಕಾಪಾಡಿದ್ದಳು. ರಾಜೇಶ್ವರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಹೋಳಿಗೆ ಬಡಿಸುವುದು ಸ್ವಲ್ಪ ತಡವಾದದ್ದೂ ಅವರು ಕಲಿತ ಪದಕ್ಕೆ ಒಳ್ಳೆಯದೇ ಆಯಿತು. ಊಟ ಮುಗಿಸಿ ಎಲ್ಲರೂ ಕೂತಾಗ ದೀಪಶ್ರೀ ಎತ್ತಿದಳು.

"ಹಂಚು ಕಾಯಲಿಲ್ಲ, ಹೋಳಿಗೆ ಬೇಯಲಿಲ್ಲ,
ಹಾಡುವ ಬೀಗತಿಗೆ ಕೈಯೇ ಸಾಗಲಿಲ್ಲ, ಸೋ ಎನ್ನಿರೇ."

ಉಳಿದವರು ಬರೀ 'ಸೋ' ಎನ್ನಲಿಲ್ಲ, ಇಡೀ ಸಾಲನ್ನೇ ಹಿಡಿದು ಹಾಡಿದರು. ಎರಡನೆಯ ನುಡಿಯನ್ನು ದ್ಯಾಮಮ್ಮ ಎತ್ತಿದಳು. ನೀಲಾಂಬಿಕ ನಕ್ಕು ನಕ್ಕು ಕಂಬಕ್ಕೆ ಒರಗಿದರು. ಇಷ್ಟು ವರ್ಷ ಮುಂದೆ ನಿಂತು ಹಾಡಿದ್ದ ರಾಜೇಶ್ವರಮ್ಮ ಮೊದಲ ಬಾರಿ ಹಿಂದೆ ಕೂತು, ದನಿಯಿಲ್ಲದೆ, ತುಟಿಯಲ್ಲೇ 'ಸೋ ಎನ್ನಿರೇ' ಅಂದರು. ಒಬ್ಬರೇ ಹಾಡಿ ಗೆದ್ದಾಗಲೂ ಅವರ ಎದೆ ಇಷ್ಟು ಉಬ್ಬಿರಲಿಲ್ಲ.

ಹಾಡು ಮುಗಿದಾಗ ನೀಲಾಂಬಿಕ ಪಕ್ಕದಲ್ಲಿ ಬಂದು ಕೂತರು. ಅವರಿಗೆ ಅಷ್ಟರಲ್ಲಿ ಮಗಳಿಂದ ಎಲ್ಲ ತಿಳಿದಿತ್ತು. ತಾವು ಹಾಡಿದ ಸಾಲಿಗೆ ನೊಂದುಕೊಂಡು ಬೀಗತಿಯ ಕೈ ಹಿಡಿದರು. ಆಮೇಲೆ ಮಗಳ ಕಡೆ ನೋಡಿ ಹುಸಿಮುನಿಸಿನಿಂದ ಹೇಳಿದರು.

"ನಮ್ಮನೇಲೇ ಕೂತು, ನಮ್ಮನೆ ವೈಫೈಯಲ್ಲೇ ನಮ್ಮನ್ನ ಸೋಲಿಸಿದ್ಲು ನೋಡ್ರೀ. ಹೋಗ್ಲಿ, ಆ ಪದ ನಂಗೂ ಕಳ್ಸಿ."

ಬೀಗತಿಯೇ ಬಾಯಿಬಿಟ್ಟು ಪದ ಕೇಳಿದಮೇಲೆ ಇನ್ನೇನು ಬೇಕು. ರಾಜೇಶ್ವರಮ್ಮ ಲ್ಯಾಪ್‌ಟಾಪ್ ತರಿಸಿದರು. ಪರದೆಯ ಮೇಲೆ 'ನೀಲಾಂಬಿಕ' ಎಂಬ ಹೆಸರು ಮೂಡುವವರೆಗೂ ಕಾದು, ಸೊಸೆ ತೋರಿಸಿದ ಕಡೆ ತಮ್ಮ ಬೆರಳಿನಿಂದಲೇ ಒತ್ತಿದರು. ಒಂದಲ್ಲ, ಇದ್ದಬದ್ದ ಪದಗಳನ್ನೆಲ್ಲ ಕಳಿಸಿದರು.

ಸಂಜೆ ಮಿನಿಬಸ್ಸು ಹೊರಟಾಗ ಸೊಸೆ ಬಾಗಿಲಲ್ಲಿ ನಿಂತು ಅವರ ಫೋಟೋ ತೆಗೆಯುತ್ತಿದ್ದಳು. ರಾಜೇಶ್ವರಮ್ಮ ಕಿಟಕಿಯಿಂದ ಕೈ ಬೀಸಿದರು. ಬಸ್ಸು ತಿರುವು ದಾಟಿದಮೇಲೆ ದ್ಯಾಮಮ್ಮನ ಕಡೆ ಬಾಗಿ, ಇದ್ದಷ್ಟು ಉಸಿರನ್ನೆಲ್ಲ ಒಟ್ಟುಮಾಡಿಕೊಂಡು, ಹಿಂದಿನ ಸೀಟಿಗೂ ಕೇಳಲೆಂದು ಹೇಳಿದರು.

"ನಮ್ಮ ಸೌಂದರ್ಯ ಕೈಯಾಗಿಂದ ಫೋನ್ ಬಿಡಂಗಿಲ್ಲ."