ಕಬ್ಬಿಣದ ಮೈಗೆ ಲಿಂಗಧಾರಣೆ

ಗುಂಡ್ಲುಪೇಟೆಯ ಟೆಂಟ್ ಸಿನಿಮಾಕ್ಕೆ ಇಂಗ್ಲಿಷ್ ಚಿತ್ರ ಬಂದರೆ ಮೈಕು ಹಿಡಿದು ಕನ್ನಡದಲ್ಲಿ ಕತೆ ಬಿಡಿಸಿ ಹೇಳುವವನು ಗಂಗಾಧರಸ್ವಾಮಿ. ಇಂಗ್ಲಿಷ್ ಅವನಿಗೆ ಬರುತ್ತಿರಲಿಲ್ಲ. ಮೇಷ್ಟರ ಮೇಲಿನ ಸಿಟ್ಟಿಗೆ ಸ್ಕೂಲಿನ ಕಿಟಕಿ ಹಾರಿ ಹೋದವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಈ ಸಲ ಬಂದ ಚಿತ್ರದ ನಿನ್ನೆಯ ಆಟದಲ್ಲಿ ಜನ ಅರ್ಧಕ್ಕೇ ಎದ್ದು ಹೋಗಿದ್ದರು. ಟೆಂಟಿನ ಯಜಮಾನನೂ ಸಿನಿಮಾ ಮಿಷನ್ ಓಡಿಸುವವನೂ ಆದ ಅಬ್ದುಲ್ ಜಬ್ಬಾರ್ ಹೇಳಿಬಿಟ್ಟಿದ್ದ: "ಇವತ್ತೂ ಜನ ಎದ್ರೆ ನಾಳೆಯಿಂದ ನಿಮ್ಮಪ್ಪನ ಗಾಣಕ್ಕೇ ಹೋಗಪ್ಪ ನೀನು."

ಎತ್ತಿನ ಹಿಂದೆ ಸುತ್ತುವುದನ್ನು ನೆನೆದರೇ ಗಂಗಾಧರನಿಗೆ ಮೈಯೆಲ್ಲ ಉರಿ.

ಚಿತ್ರದಲ್ಲಿ ಸಾಹುಕಾರನೊಬ್ಬ ಕಾರು ಉರುಳಿ ಸಾಯುತ್ತಾನೆ. ಡಾಕ್ಟರೊಬ್ಬ ಅವನ ಮಿದುಳು ತೆಗೆದು ಕಬ್ಬಿಣದ ಮೈಯೊಳಗೆ ಇಡುತ್ತಾನೆ. ಪರದೆಯ ಮೇಲೆ ತಗಡಿನ ಬೀರುವಿನಂಥ ಆಳು ಎದ್ದು ಕೂತ.

"ಮೈ ಕಬ್ಬಿಣದ್ದು, ಬುದ್ಧಿ ಮಾತ್ರ ಸಾವ್ಕಾರ್ರದ್ದೇ," ಎಂದು ಗಂಗಾಧರ ಗುಡುಗಿದ.

ನೆಲದಲ್ಲಿ ಕೂತಿದ್ದ ಹರವೆ ಹಳ್ಳಿಯ ದೊಡ್ಡಮಲ್ಲಮ್ಮ ಕೇಳಿದಳು: "ಮಗ, ಒಸ ಮೈಗೆ ಲಿಂಗ ಕಟ್ಟುದ್ರಾ?"

"ಸುಮ್ಕೆ ನೋಡಜ್ಜಿ."

"ನೋಡ್ತಿವ್ನಿ ಕಣ್ಲಾ. ಲಿಂಗಪೂಜೆ ಇಲ್ದೆ ಅವ್ನು ಉಣ್ಣದೆಂಗೆ?"

"ಅದೂ ನಿಜವೇ," ಎಂದ ಹಿಂದಿನ ಸಾಲಿನವನೊಬ್ಬ. "ಉಪಾಸ ಇರೋನ್ನ ನೋಡ್ಕಂಡು ಕೂರದಾ? ನಡೀರ್ಲಾ, ಓಗನ."

ಜನ ಟವೆಲು ಕೊಡವಿ ಏಳತೊಡಗಿದರು. ಗಂಗಾಧರನ ಸಿಟ್ಟು ನೆತ್ತಿಗೇರಿತು. ಕಬ್ಬಿಣದ ಆಳಿನ ಎದೆಯ ಮೇಲೊಂದು ದೀಪ ಮಿಣಮಿಣ ಎನ್ನುತ್ತಿತ್ತು.

"ಎದೆ ಮೇಲೆ ಬೆಳಗ್ತಿರೋದು ಇನ್ನೇನು? ಕಣ್ಣ ಮನೇಲಿ ಮಡಗಿ ಬಂದಿದ್ದೀರಾ?"

ಎದ್ದವರು ಕೂತರು. ದೊಡ್ಡಮಲ್ಲಮ್ಮ ಪರದೆಗೆ ಕೈಮುಗಿದಳು. ನೋಡನೋಡುತ್ತ ಟೆಂಟಿಗೆ ಟೆಂಟೇ ಕೈಮುಗಿಯಿತು.

ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಗಂಗಾಧರನಿಗೆ ಕೊನೆಯ ರೀಲು ನೆನಪಾಯಿತು. ಅದರಲ್ಲಿ ಆ ಡಾಕ್ಟರ್ ಸುತ್ತಿಗೆ ಎತ್ತಿ ಆ ದೀಪವನ್ನೇ ಪುಡಿ ಮಾಡುತ್ತಾನೆ, ಕಬ್ಬಿಣದ ಸಾಹುಕಾರ ದೊಪ್ಪನೆ ಬೀಳುತ್ತಾನೆ.

ಟೆಂಟಿಗಿದ್ದದ್ದು ಒಂದೇ ಮಿಷನ್. ಒಂದು ರೀಲು ಮುಗಿದರೆ ಲೈಟು ಹಾಕಿ ಇನ್ನೊಂದನ್ನು ಏರಿಸಬೇಕು. ಕೊನೆಯ ಸಲ ಲೈಟು ಹತ್ತಿದ್ದೇ ತಡ, ಗಂಗಾಧರ ಮಿಷನ್ ಹತ್ತಿರಕ್ಕೆ ಓಡಿದ.

"ಸಾಬ್ರೆ, ಅದ ಹಾಕ್ಬೇಡಿ. ಲಿಂಗ ಒಡೆದ್ರೆ ಟೆಂಟೂ ಉಳಿಯಲ್ಲ, ನಾವೂ ಉಳಿಯಲ್ಲ."

"ಲಿಂಗ ಕಟ್ದೋರು ಯಾರು, ನಾನಾ?"

"ಆಮೇಲೆ ಬಯ್ಯೋರಂತೆ. ಮೊದಲನೇ ರೀಲೇ ಇನ್ನೊಂದ್ಸಲ ಹಾಕಿ."

ಜಬ್ಬಾರ್ ಕೈಮುಗಿದು ಕೂತಿದ್ದ ಜನರನ್ನೊಮ್ಮೆ ನೋಡಿದ. ಕೊನೆಯ ರೀಲನ್ನು ಪಕ್ಕಕ್ಕಿಟ್ಟು ಮೊದಲನೇ ರೀಲು ಏರಿಸಿದ.

ಪರದೆಯ ಮೇಲೆ ಸಾಹುಕಾರ ರಕ್ತಮಾಂಸದ ಮೈಯಲ್ಲಿ ಹೆಂಡತಿಯ ಜೊತೆ ಊಟಕ್ಕೆ ಕೂತಿದ್ದ.

"ನೋಡಿ, ಲಿಂಗ ಬುಡದೆ ಇದ್ದದ್ಕೆ ಕಬ್ಬಿಣ ಕರಗಿ ಮೊದಲ್ನೇ ಮೈಯೇ ಬಂತು," ಎಂದ ಗಂಗಾಧರ, ಹಣೆಯ ಬೆವರು ಒರೆಸಿಕೊಳ್ಳುತ್ತ. "ಈಗ ನೆಮ್ಮದಿಯಾಗಿ ಉಣ್ತಾವ್ರೆ."

ಸಾಹುಕಾರ ಮತ್ತೆ ಕಾರು ಹತ್ತುವ ಮೊದಲೇ ಜಬ್ಬಾರ್ ಮಿಷನ್ ನಿಲ್ಲಿಸಿದ. ದೊಡ್ಡಮಲ್ಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮಾರನೆಯ ಸಂಜೆ ಹರವೆಯ ಗಾಡಿಗಳು ಟೆಂಟಿನ ಸುತ್ತ ಬಂದು ನಿಂತವು. ಗಾಣದ ಮಾತು ಜಬ್ಬಾರನ ಬಾಯಲ್ಲಿ ಬರಲೇ ಇಲ್ಲ. ದೊಡ್ಡಮಲ್ಲಮ್ಮ ವಿಭೂತಿ ಹಿಡಿದು ಗಂಗಾಧರನ ಹತ್ತಿರವೇ ಬಂದಳು. ಇವಳಾದರೂ ಹೊಗಳಿಯಾಳು ಎಂದು ಅವನು ಎದೆ ಸೆಟೆಸಿ ನಿಂತ.

"ಮಿಂದಿದ್ದೀಯೇನ್ಲಾ?" ಎಂದಳು.

"ಯಾಕಜ್ಜಿ?"

"ಲಿಂಗದ ಕತೆ ಏಳೋನು ಇಂಗೇ ಬೆವರ ನಾರ್ಕಂಡು ಮೈಕು ಮುಟ್ಟದಾ? ಓಗು, ಮಿಂದ್ಕಂಡು ಬಾ."

ಗಂಗಾಧರ ಹಲ್ಲು ಕಡಿಯುತ್ತ ತಿರುಗಿದ. ಹಿಂದೆ ಜಬ್ಬಾರ್ ನೀರಿನ ಬಕೆಟ್ಟು ಹಿಡಿದು ನಿಂತಿದ್ದ.